ಟ್ರೇಡ್ ಬರೆಸುವುದು ಮಾವ, ಫೈಲ್ ಹಿಡಿಯುವುದು ಹುಡುಗ

ನಾನು ತುಮಕೂರು ಕಡೆಯ ಒಂದು ಐಟಿಐನಲ್ಲಿ ಫಿಟ್ಟರ್ ಟ್ರೇಡಿನ ಜೆಟಿಒ, ಅಂದರೆ ಆ ಕಸುಬು ಕಲಿಸುವ ಮೇಷ್ಟ್ರು. ಅಡ್ಮಿಷನ್ ಹೊತ್ತಿನಲ್ಲಿ ಹುಡುಗನನ್ನು "ಯಾವ ಟ್ರೇಡಪ್ಪ?" ಅಂತ ಕೇಳಿದರೆ ಉತ್ತರ ಬರುವುದು ಪಕ್ಕದಲ್ಲಿ ನಿಂತ ಮಾವನಿಂದ. "ಎಲೆಕ್ಟ್ರಿಷಿಯನ್ ಬರ್ಕೊಳ್ಳಿ ಸಾರ್, ಕೆಇಬಿಲಿ ಲೈನ್‌ಮನ್ ಆಗ್ತಾನೆ." ಆ ಲೈನ್‌ಮನ್ ಕೆಲಸಕ್ಕೆ, ಅಂದರೆ ಈಗಿನ ಜೂನಿಯರ್ ಪವರ್‌ಮ್ಯಾನ್ ಹುದ್ದೆಗೆ, ನೋಡುವುದು ಎಸೆಸೆಲ್ಸಿ ಅಂಕ, ಜೊತೆಗೆ ಕಂಬ ಹತ್ತಿಸುತ್ತಾರೆ. ಐಟಿಐ ಬೇಕೇ ಇಲ್ಲ. ಇದನ್ನು ಹೇಳಿದರೆ ಮಾವ ನನ್ನನ್ನೇ ಅನುಮಾನದಿಂದ ನೋಡುತ್ತಾರೆ!

ಮೊದಮೊದಲು ನಾನೂ ಭಾಷಣ ಬಿಗಿಯುತ್ತಿದ್ದೆ. ಒಬ್ಬ ಹುಡುಗ ವೆಲ್ಡರ್ ಬೇಕು ಅಂತ ಬಂದ. ಅಂಕ ಚೆನ್ನಾಗಿತ್ತು. "ಇಷ್ಟು ಮಾರ್ಕ್ಸ್ ಇಟ್ಕೊಂಡು ವೆಲ್ಡರ್ ಯಾಕೋ? ಫಿಟ್ಟರ್ ತಗೋ, ಮುಂದೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು" ಅಂದೆ. ಒಪ್ಪಿಕೊಂಡ. ವೆಲ್ಡರ್ 1 ವರ್ಷ, ಫಿಟ್ಟರ್ 2 ವರ್ಷ. ಅವನ ಅಪ್ಪ ಹಾಸಿಗೆ ಹಿಡಿದಿದ್ದರು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡನೇ ವರ್ಷದ ಶುರುವಿನಲ್ಲೇ ಬಿಟ್ಟು ಗಾರೆ ಕೆಲಸಕ್ಕೆ ಹೋದ. ವೆಲ್ಡರ್ ಸೇರಿದ್ದರೆ ಅಷ್ಟೊತ್ತಿಗೆ ಸರ್ಟಿಫಿಕೇಟ್ ಕೈಯಲ್ಲಿ ಇರುತ್ತಿತ್ತು. ಆ ತಪ್ಪು ನನ್ನದೇ.

ಅಲ್ಲಿಂದೀಚೆಗೆ ಟ್ರೇಡ್ ವಿಷಯ ಮೊದಲು ಎತ್ತುವುದಿಲ್ಲ. ಮನೆಗೆ ದುಡ್ಡು ಯಾವಾಗ ಬೇಕು, ಊರಿಗೆ ಕೊನೆ ಬಸ್ಸು ಎಷ್ಟಕ್ಕೆ, ಇವೆರಡು ಕೇಳುತ್ತೇನೆ. ಆಮೇಲೆ ಸೀದಾ ವರ್ಕ್‌ಶಾಪಿಗೆ.

ಹೋದ ವರ್ಷ ಒಬ್ಬಳು ಹುಡುಗಿ ಬಂದಳು. ಅವಳಿಗೆ ಫಿಟ್ಟರ್ ಮೇಲೆ ಮನಸ್ಸು. ಅಪ್ಪನದು ಒಂದೇ ಹಟ, ಕೋಪಾ ಅನ್ನುವ ಕಂಪ್ಯೂಟರ್ ಟ್ರೇಡ್. ಕಂಪ್ಯೂಟರ್ ಅಂದರೆ ಫ್ಯಾನ್ ಕೆಳಗೆ ಕೂತು ಮಾಡುವ ಕೆಲಸ, ಅಲ್ವಾ? ನಾನು ಮೇಜಿನ ಹಿಡಿಕೆಗೆ, ಅಂದರೆ ವೈಸಿಗೆ, ಒಂದು ಕಬ್ಬಿಣದ ತುಂಡು ಕಚ್ಚಿಸಿ ಅವಳ ಕೈಗೆ ಫೈಲ್, ಅಂದರೆ ಉಜ್ಜುವ ಅರ, ಕೊಟ್ಟೆ. ಸ್ವಲ್ಪ ಹೊತ್ತು ಉಜ್ಜಿದಳು. ತುಂಡಿನ ಮೇಲೆ ಟ್ರೈಸ್ಕ್ವೇರ್ ಅನ್ನುವ ಮೂಲೆಮಟ್ಟ ಇಟ್ಟು ಕಿಟಕಿ ಕಡೆ ಹಿಡಿದು ತೋರಿಸಿದೆ. ಒಂದು ತುದಿಯಲ್ಲಿ ಬ್ಲೇಡಿನ ಕೆಳಗಿಂದ ಬೆಳಕು ನುಸುಳುತ್ತಿತ್ತು. ಅವಳು ತುಂಡನ್ನು ಮತ್ತೆ ವೈಸಿಗೆ ಹಾಕಿದಳು. ಎತ್ತರ ಇದ್ದ ಕಡೆ ಮಾತ್ರ ಉಜ್ಜತೊಡಗಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ಬಸ್ ಹೋಗುತ್ತೆ, ಬಾರಮ್ಮ" ಅಂದರು ಅಪ್ಪ.

"ಒಂದ್ನಿಮಿಷ ಅಪ್ಪ, ಇನ್ನೂ ಬೆಳಕು ಕಾಣ್ತಿದೆ."

ಸೇರಿದ್ದು ಫಿಟ್ಟರಿಗೇ. ಆದರೆ ಅಪ್ಪ ಒಪ್ಪಿದ್ದು ಅವಳ ಕೈಕೆಲಸ ನೋಡಿ ಅಲ್ಲ. ಅವರ ಊರಿನ ಇನ್ನೊಬ್ಬಳು ಅದೇ ವರ್ಷ ಎಲೆಕ್ಟ್ರಾನಿಕ್ಸ್ ಟ್ರೇಡಿಗೆ ಸೇರಿದ್ದಳು. ಇಬ್ಬರೂ ಒಂದೇ ಬಸ್ಸಿಗೆ ಬರಬಹುದಲ್ಲ ಅಂತ.