ಹೂಮಳೆ ತಪ್ಪಿದ ವರ್ಷ ಬಾವಿಯಿಂದ ಎಷ್ಟು ನೀರೆತ್ತಬಹುದು?

ಶನಿವಾರಸಂತೆ, ಹೆಬ್ಬಾಲೆ, ಕುಶಾಲನಗರದ ಕಡೆಯ ನಾವೂ ಕೊಡಗಿನವರೇ, ಆದರೆ ಭಾಗಮಂಡಲದ ಮಳೆ ನಮಗಿಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಓಡುತ್ತವೆ. ಏಪ್ರಿಲ್ ಹೊತ್ತಿಗೆ ಕೆಳಗಿನ ಮನೆಯವರ ಕುಡಿಯುವ ನೀರಿನ ಬಾವಿಯ ತಳ ಕಾಣುತ್ತದೆ. ಎಷ್ಟು ಎಕರೆಗೆ ನೀರು ಕೊಡಬಹುದೆಂಬುದು ಜನವರಿಯಲ್ಲೇ ತೀರ್ಮಾನವಾಗಬೇಕು ಎಂಬುದು ನನ್ನ ಹಟ. ಅದಕ್ಕೆ ಬೇಕಾದ ಅಂತರ್ಜಲದ ಲೆಕ್ಕದ ಮಾದರಿಯನ್ನು (ಮಾಡೆಲ್) ಟೇಪು, ಮಳೆ ಪುಸ್ತಕ ಮತ್ತು ಮೊಬೈಲಿನ ಸ್ಪ್ರೆಡ್‌ಶೀಟಿನಿಂದ ಕಟ್ಟಬಹುದು.

ಮಳೆ ಪುಸ್ತಕ ನಮ್ಮ ಬಹುತೇಕ ತೋಟಗಳಲ್ಲಿ ಇದ್ದೇ ಇದೆ: ಇಂಚು, ಸೆಂಟುಗಳ ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಇಲ್ಲದ ಅಭ್ಯಾಸವೆಂದರೆ ಬಾವಿ ಅಳೆಯುವುದು. ತಿಂಗಳಿಗೊಮ್ಮೆ, ಬೆಳಿಗ್ಗೆ, ಮೋಟಾರು ಹಾಕುವ ಮೊದಲೇ ಅಳೆಯಿರಿ. ರಾತ್ರಿಯಿಡೀ ಮೋಟಾರು ಓಡಿದ್ದರೆ ಆ ಅಳತೆ ಬೇಡ. ಕಟ್ಟೆಯ ಮೇಲೊಂದು ಗುರುತು ಕೆತ್ತಿ, ಪ್ರತಿ ಸಲ ಅಲ್ಲಿಂದಲೇ ಟೇಪು ಇಳಿಸಿ. ಆಮೇಲೆ ಗದ್ದೆಯಂಚಿನ ತೋಡಿನ (ಸಣ್ಣ ಹಳ್ಳದ) ಮಟ್ಟಕ್ಕಿಂತ ಬಾವಿಯ ನೀರು ಎಷ್ಟು ಎತ್ತರದಲ್ಲಿದೆ ಎಂದು ಕಂಡುಕೊಳ್ಳಿ. ಗಾರೆಯವರ ಬಳಿಯಿರುವ ನೀರು ತುಂಬಿದ ಲೆವೆಲ್ ಪೈಪಿನಿಂದ ಹಂತಹಂತವಾಗಿ ಮಟ್ಟ ಇಳಿಸಿಕೊಂಡು ಬಂದರೆ ಇದು ಸಿಗುತ್ತದೆ. ನಮ್ಮ ಲೆಕ್ಕಕ್ಕೆ ಈ ಎತ್ತರವೇ ಮುಖ್ಯ.

ಇಲ್ಲಿನ ನೆಲದಡಿ ಇರುವುದು ಗಟ್ಟಿ ಕಲ್ಲು, ಅದರ ಮೇಲೆ ಕೊಳೆತ ಕಲ್ಲಿನ ಪದರ. ತೆರೆದ ಬಾವಿಯ ನೀರು ಈ ಪದರದ್ದು. ಅದು ಬಿಟ್ಟುಕೊಡುವ ನೀರು ಬಹಳ ಕಡಿಮೆ, ಗಾತ್ರದ ಶೇ. 1ರಿಂದ 3. ಶೇ. 2 ಎಂದು ಹಿಡಿಯೋಣ. ಹಾಗಾದರೆ ಒಂದು ಎಕರೆಯಲ್ಲಿ ನೀರಿನ ಮಟ್ಟ ಒಂದು ಮೀಟರ್ ಇಳಿದಾಗ ಸಿಗುವುದು ಸುಮಾರು 81,000 ಲೀಟರ್, ಅಂದರೆ ಆ ಎಕರೆಗೆ 79 ಸೆಂಟು ಮಳೆ. ಹೂ ಅರಳಿಸಲು ಒಂದೂವರೆ ಇಂಚು ಕೊಡುತ್ತೇವಲ್ಲ, ಅದಕ್ಕೆ ಎಕರೆಗೆ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು ಬೇಕು. ಅಷ್ಟೇ ವಿಸ್ತಾರದ ನೆಲದಡಿಯ ಮಟ್ಟ 1.9 ಮೀಟರ್ ಕುಸಿಯುತ್ತದೆ. ಈ ಒಂದು ಅಂಕಿ ಪ್ರತಿಯೊಬ್ಬ ಬೆಳೆಗಾರನ ಬಾಯಲ್ಲಿರಬೇಕೆಂದು ನನ್ನಾಸೆ.

ಇನ್ನೊಂದು ಖರ್ಚನ್ನು ಯಾರೂ ಬರೆದಿಡುವುದಿಲ್ಲ. ನಾವು ಒಂದು ಹನಿ ಎತ್ತದಿದ್ದರೂ ಇಳಿಜಾರಿನ ನೆಲದಡಿಯ ನೀರು ತೋಡಿಗೆ ಜಿನುಗಿ ಹೋಗುತ್ತಲೇ ಇರುತ್ತದೆ. ಮಳೆಯೂ ಮೋಟಾರೂ ಇಲ್ಲದ ಡಿಸೆಂಬರ್, ಜನವರಿಯಲ್ಲಿ ಇದನ್ನು ಹಿಡಿಯಬಹುದು. ಎತ್ತರ 6 ಮೀಟರಿನಿಂದ 5.1ಕ್ಕೆ ಇಳಿದಿದ್ದರೆ ತಿಂಗಳಿಗೆ ಉಳಿಯುವ ಪಾಲು 0.85. ಹಲವು ವರ್ಷಗಳ ಅಳತೆಯಿದ್ದರೆ ಸರಾಸರಿ ತೆಗೆಯಿರಿ. ಕೆಳಗಿನ ಗದ್ದೆಯ ನಾಟಿ ನಿಂತರೆ ಈ ಪಾಲು ಬದಲಾಗಬಹುದು. ಪಾಳು ಬಿದ್ದ ಗದ್ದೆಗಳ ಬಗ್ಗೆ ನನಗಿರುವ ಕಳವಳಕ್ಕೆ ಇದೂ ಒಂದು ಕಾರಣ.

ಈಗ ಸ್ಪ್ರೆಡ್‌ಶೀಟ್ ತೆರೆಯಿರಿ. ಕಳೆದ ತಿಂಗಳ ಎತ್ತರವನ್ನು 0.85ರಿಂದ ಗುಣಿಸಿ, ಮಳೆಯಲ್ಲಿ ಇಂಗಿದ ಪಾಲನ್ನು 0.02ರಿಂದ ಭಾಗಿಸಿ ಕೂಡಿಸಿ. ಎತ್ತಿದ ನೀರನ್ನು ಬಾವಿಗೆ ನೀರು ಹರಿದುಬರುವ ನೆಲದ ಮೇಲೆ ಹರಡಿ, ಅದನ್ನೂ 0.02ರಿಂದ ಭಾಗಿಸಿ ಕಳೆಯಿರಿ. ಎಲ್ಲವೂ ಮೀಟರಿನಲ್ಲಿರಲಿ. ಇಂಗುವ ಪಾಲನ್ನು ಮಳೆಯ ಶೇ. 8ರಿಂದ 10 ಎಂದು ಆರಂಭಿಸಿ, ಮೇ ಮತ್ತು ನವೆಂಬರ್ ಅಳತೆಗೆ ಹೊಂದುವವರೆಗೆ ಸರಿಪಡಿಸಿ. ಕೊನೆಯ ವರ್ಷದ ಅಳತೆಗಳನ್ನು ಮಾತ್ರ ಮುಟ್ಟದೆ ಬದಿಗಿಡಿ. ಮಾದರಿ ಆ ವರ್ಷವನ್ನು ಅರ್ಧ ಮೀಟರಿನೊಳಗೆ ಹೇಳಿದರೆ ನಂಬಬಹುದು.

ಮೇಲಿನ ಉದಾಹರಣೆಯನ್ನೇ (ಜನವರಿಯಲ್ಲಿ 5.1 ಮೀಟರ್) ಮುಂದುವರಿಸಿದರೆ, ಮಳೆ ಬಾರದ, ನೀರನ್ನೂ ಎತ್ತದ ಏಪ್ರಿಲ್ ಎತ್ತರ 3.1 ಮೀಟರ್. ಬಾವಿಗೆ ನೀರುಣಿಸುವ ನೆಲದ ಅರ್ಧದಷ್ಟು ತೋಟಕ್ಕೆ ಫೆಬ್ರುವರಿಯಲ್ಲಿ ಒಂದೂವರೆ ಇಂಚು, ಮಾರ್ಚಿನಲ್ಲಿ ಹೂ ಅರಳಿದ ಮೇಲಿನ ಎರಡನೇ ನೀರಾದ ಬ್ಯಾಕಿಂಗ್‌ಗೆ ಒಂದು ಇಂಚು ಕೊಟ್ಟರೆ ಅದು 1.9. ಆ ನೆಲಕ್ಕೆ ಪೂರ್ತಿ ಕೊಟ್ಟರೆ ಮುಕ್ಕಾಲು ಮೀಟರೂ ಉಳಿಯದು. ಅಲ್ಲಿಗೆ ತೋಡು ಬತ್ತಿದಂತೆಯೇ. ನೀವು ನಿಲ್ಲಿಸಬೇಕಾದ ಮಟ್ಟವನ್ನು ಕೆಳಗಿನ ಮನೆಯವರನ್ನು ಕೂರಿಸಿಕೊಂಡು ಗೊತ್ತುಮಾಡಿ. ಆ ನೀರು ಅವರದೂ ಹೌದು.

ಕೊಳವೆಬಾವಿಗೆ ಈ ಶೇ. 2 ಅನ್ವಯಿಸದು. ಗಟ್ಟಿ ಕಲ್ಲಿನ ಬಿರುಕಿನಲ್ಲಿ ನೀರಿನ ಸಂಗ್ರಹ ಇನ್ನೂ ಕಡಿಮೆ, ಮಟ್ಟ ದಿಢೀರನೆ ಕುಸಿಯುತ್ತದೆ. ಹತ್ತಿರದ ತೆರೆದ ಬಾವಿಯನ್ನೂ ಅಳೆಯುತ್ತಿರಿ. ಊರಿನ ಹಲವು ಬಾವಿಗಳನ್ನು ಒಟ್ಟಿಗೆ ಲೆಕ್ಕಕ್ಕೆ ತರಲು ಅಮೆರಿಕದ ಭೂಗರ್ಭ ಸರ್ವೇಕ್ಷಣ ಸಂಸ್ಥೆಯ ಅಂತರ್ಜಲ ಲೆಕ್ಕದ ತಂತ್ರಾಂಶ ಮಾಡ್‌ಫ್ಲೋ ಉಚಿತವಾಗಿ ಸಿಗುತ್ತದೆ, ಆದರೆ ಕೆಲವು ವರ್ಷಗಳ ಅಳತೆಯಿಲ್ಲದೆ ಅದಕ್ಕೆ ಕೈಹಾಕಬೇಡಿ.

ಸ್ಪ್ರಿಂಕ್ಲರ್ ಓಡುವಾಗ ಗಿಡಗಳ ನಡುವೆ ನೇರ ಗೋಡೆಯ ಖಾಲಿ ಡಬ್ಬಿಗಳನ್ನಿಟ್ಟು ನೀರು ನಿಜವಾಗಿ ಎಷ್ಟು ಇಂಚು ಬಿತ್ತೆಂದು ಅಳೆಯಿರಿ. ಮೊದಲ ಸುತ್ತು ಮುಗಿದ ಮೇಲೆ, ಮೋಟಾರಿಗೆ ಒಂದು ದಿನ ಬಿಡುವು ಕೊಟ್ಟು ಬಾವಿ ನೋಡಿ, ಆ ಎತ್ತರವನ್ನೇ ಸ್ಪ್ರೆಡ್‌ಶೀಟಿಗೆ ತುಂಬಿ. ಬ್ಯಾಕಿಂಗ್ ಎಷ್ಟು ಎಕರೆಗೆ ಎಂಬುದನ್ನು ಆ ಅಂಕಿಯಿಂದ ನಿರ್ಧರಿಸಿ.