ಮಂದಿ ಮನಿ ಉಸಾಬರಿ: ನ್ಯೂಜೆರ್ಸಿಗೆ ಬಂದ ನಮ್ಮ ಕಡೆಯವರಿಗೆ

ಬಾಗಲಕೋಟೆಯ ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಇದ್ದ. ಎಪ್ರಿಲ್ ಬಿಸಿಲಲ್ಲೂ ಫುಲ್ ತೋಳಿನ ಅಂಗಿ ಹಾಕುತ್ತಿದ್ದ. ಒಂದು ಮಧ್ಯಾಹ್ನ ನಮ್ಮನೆಗೆ ಮಜ್ಜಿಗೆ ಕೇಳಿಕೊಂಡು ಬಂದವನು ತಂಬಿಗೆ ಎತ್ತಿ ಕುಡಿಯುವಾಗ ತೋಳು ಹಿಂದೆ ಸರಿಯಿತು. ಮೊಣಕೈವರೆಗೆ ಬೆಲ್ಟಿನ ಬಾಸುಂಡೆ. ಅವ್ವನೂ ನೋಡಿದಳು, ನಾನೂ ನೋಡಿದೆ. ಅವ್ವ ಏನೂ ಕೇಳದೆ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟಳು. ಅವನು ಹೋದ ಮೇಲೆ, "ಮಂದಿ ಮನಿ ಉಸಾಬರಿ ನಮಗ್ಯಾಕ" ಅಂದಳು. ಓಣಿಗೆಲ್ಲ ಗೊತ್ತಿತ್ತು. ಯಾರೂ ಏನೂ ಮಾಡಲಿಲ್ಲ. ನಾನಾಗ ಪಿಯುಸಿ, ಸಣ್ಣವನೇನಲ್ಲ.

ಈಗ ಎಡಿಸನ್‌ನಲ್ಲಿದ್ದೀನಿ. ಇಲ್ಲೂ ನಮ್ಮವರ ಬಾಯಲ್ಲಿ ಅದೇ ಉಸಾಬರಿಯ ಮಾತು. ಆದರೆ ನ್ಯೂಜೆರ್ಸಿ ಕಾನೂನಿನಲ್ಲಿ ಅದು ನಡೆಯುವುದಿಲ್ಲ. ಮಗುವಿಗೆ ಹಿಂಸೆ ಆಗುತ್ತಿದೆ ಅಂತ ಅನ್ನಿಸಲು ಸರಿಯಾದ ಕಾರಣ ಇದ್ದರೆ ಯಾರೇ ಆಗಲಿ ತಕ್ಷಣ ತಿಳಿಸಬೇಕು. ಡಾಕ್ಟರ್, ಟೀಚರ್ ಮಾತ್ರ ಅಲ್ಲ, ಪಕ್ಕದ ಮನೆಯವರೂ ಸೇರಿ. ಗೊತ್ತಿದ್ದೂ ಬೇಕಂತಲೇ ಸುಮ್ಮನಿದ್ದರೆ 6 ತಿಂಗಳವರೆಗೆ ಜೈಲು ಆಗಬಹುದು. ಟೆಕ್ಸಾಸ್‌ನಲ್ಲೂ ಹೊಣೆ ಎಲ್ಲರ ಮೇಲಿದೆ, ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರ್, ಟೀಚರ್ ಥರದ ಕೆಲವು ವೃತ್ತಿಯವರ ಮೇಲೆ ಮಾತ್ರ. ಆದರೆ ಫೋನ್ ಮಾಡಲು ಎಲ್ಲಿಯೂ ಯಾರಿಗೂ ಅಡ್ಡಿಯಿಲ್ಲ.

ನ್ಯೂಜೆರ್ಸಿ ನಂಬರ್ 1-877-652-2873, ಹಗಲು ರಾತ್ರಿ ಇರುತ್ತದೆ. ಮಗುವಿಗೆ ಆ ಗಳಿಗೆಯಲ್ಲೇ ಅಪಾಯ ಇದ್ದರೆ ಮೊದಲು 911.

ಸಾಕ್ಷಿ ಬೇಡ. ಇದನ್ನೇ ನಮ್ಮವರು ನಂಬುವುದಿಲ್ಲ. "ಸುಳ್ಳಾದ್ರ ಏನ್ರೀ?" ಅಂತ ಕೇಳ್ತಾರೆ. ಒಳ್ಳೆ ಮನಸ್ಸಿನಿಂದ ಹೇಳಿದ್ದು ಸುಳ್ಳಾದರೂ ನಿಮ್ಮ ಮೇಲೆ ಕೇಸ್ ನಿಲ್ಲುವುದಿಲ್ಲ. ಮಗುವಿನ ಹೆಸರು, ಸುಮಾರು ವಯಸ್ಸು, ವಿಳಾಸ, ನೀವು ಕಣ್ಣಾರೆ ಏನು ಕಂಡಿರಿ, ಯಾವಾಗ ಕಂಡಿರಿ, ಮಗು ಈಗ ಎಲ್ಲಿದೆ, ಇಷ್ಟು ಕೇಳುತ್ತಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನಿಮ್ಮ ಹೆಸರು ಹೇಳದೆಯೂ ತಿಳಿಸಬಹುದು. ಒಂದು ಮಾತು: ಮಗುವನ್ನು ಕೂರಿಸಿಕೊಂಡು ನೀವೇ ವಿಚಾರಣೆ ಮಾಡಬೇಡಿ, ಅದಕ್ಕೆ ಕಲಿತವರಿದ್ದಾರೆ.

ದೊಡ್ಡ ತಪ್ಪು ಇನ್ನೊಂದಿದೆ. ಕನ್ನಡ ಕೂಟದ ಅಧ್ಯಕ್ಷರಿಗೋ, ಗುಡಿಯ ಹಿರಿಯರಿಗೋ ಹೇಳಿ ಕೈ ತೊಳೆದುಕೊಳ್ಳುವುದು. ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಆಗಿದ್ದು ಇದೇ. 2001ರಲ್ಲಿ ಫುಟ್‌ಬಾಲ್ ತಂಡದ ಮಾಜಿ ಕೋಚ್ ಒಬ್ಬ, ಹುಡುಗನೊಬ್ಬನ ಮೇಲೆ ಲೈಂಗಿಕ ದೌರ್ಜನ್ಯ ಮಾಡುವುದನ್ನು ತಂಡದ ಒಬ್ಬ ಸಹಾಯಕ ತನ್ನ ಕಣ್ಣಿಂದಲೇ ನೋಡಿದ, ಮುಖ್ಯ ಕೋಚ್‌ಗೆ ಹೇಳಿದ, ಮುಖ್ಯ ಕೋಚ್ ಮೇಲಿನವರಿಗೆ ಹೇಳಿದ, ಮೇಲಿನವರು ಪೊಲೀಸರಿಗೆ ಹೇಳಲೇ ಇಲ್ಲ. ಆ ಮಾಜಿ ಕೋಚ್ ಅರೆಸ್ಟ್ ಆಗಿದ್ದು 2011ರಲ್ಲಿ, ಮರುವರ್ಷ 45 ಆರೋಪಗಳಲ್ಲಿ ತಪ್ಪಿತಸ್ಥ. ಹತ್ತು ವರ್ಷ! ಯಾರನ್ನು ಕೇಳಿದರೂ "ನಾನು ಹೇಳಿದ್ದೆನಲ್ಲ" ಅನ್ನಬಹುದಿತ್ತು. ಆಮೇಲೆ ಪೆನ್ಸಿಲ್ವೇನಿಯಾ ಕಾನೂನು ಬದಲಿಸಿತು: ಮೇಲಿನವರಿಗೆ ಹೇಳಿದರೆ ಸಾಲದು, ನೇರವಾಗಿ ತಿಳಿಸಬೇಕು.

ಹಾಗಾದ್ರೆ ಮಗುವಿಗೆ ಒಂದೇಟು ಹಾಕಿದ್ರೂ ಒಳಗೆ ಹಾಕ್ತಾರಾ? ಇಲ್ಲ. ಮನೆಯಲ್ಲಿ ಕೈಯಿಂದ ಒಂದೇಟು ಕೊಟ್ಟ ಮಾತ್ರಕ್ಕೆ ಅಪರಾಧ ಆಗುವುದಿಲ್ಲ, ಆದರೆ ಬರೆ, ಬಾಸುಂಡೆ, ಸುಟ್ಟ ಗಾಯ ಬೇರೆ ಮಾತು. ಶಾಲೆಯಲ್ಲಂತೂ ಹೊಡೆಯುವುದನ್ನು ನ್ಯೂಜೆರ್ಸಿ 1867ರಲ್ಲೇ ನಿಲ್ಲಿಸಿದೆ. ನಮ್ಮ ಮಾಸ್ತರ ಛಡಿ ನೆನಪಾಯ್ತಲ್ವಾ.

ಇದು ಅಮೆರಿಕದವರ ಅತಿ ಅಂತ ಅಂದುಕೊಳ್ಳಬೇಡಿ. ಊರಲ್ಲೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿದ್ದರೆ 2012ರ ಪೋಕ್ಸೋ ಕಾಯ್ದೆಯಲ್ಲಿ 6 ತಿಂಗಳವರೆಗೆ ಶಿಕ್ಷೆ ಇದೆ. ಅಲ್ಲಿಯ ನಂಬರ್ 1098. ಕಳೆದ ಬೇಸಿಗೆಗೆ ಅವ್ವ ಬಂದಾಗ ಫ್ರಿಜ್ ಮೇಲೆ ಅಂಟಿಸಿದ್ದ ಎರಡೂ ನಂಬರ್ ನೋಡಿ ಏನಿವು ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗ ಈಗ ಎಲ್ಲಿ ಅದಾನೋ" ಅಂದಳು. ನನಗೂ ಗೊತ್ತಿಲ್ಲ.

ಫೋನ್ ಮಾಡಿದ ಕೂಡಲೇ ಮಗುವನ್ನು ಕಿತ್ಕೊಂಡು ಹೋಗ್ತಾರೆ ಅನ್ನೋ ಭಯ ನಮ್ಮಲ್ಲಿ ಜಾಸ್ತಿ. ಹೆಚ್ಚಿನ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಅಧಿಕಾರಿ ಬಂದು ನೋಡುತ್ತಾರೆ, ಮಾತಾಡುತ್ತಾರೆ, ಬೇಕಾದ ನೆರವು ಕೊಡಿಸುತ್ತಾರೆ. ಆ ಮನೆಯವರಿಗೆ ಅದು ಕಷ್ಟದ ದಿನವೇ, ಇಲ್ಲ ಅನ್ನಲ್ಲ. ಕೊನೆಗೆ ಏನಾಯಿತು ಅಂತ ನಿಮಗೆ ಸಾಮಾನ್ಯವಾಗಿ ತಿಳಿಸುವುದಿಲ್ಲ, ಗುಟ್ಟು ಕಾಯುವುದು ಅವರ ನಿಯಮ. ಆದರೆ ಮತ್ತೆ ಹೊಸ ಗಾಯ ಕಂಡರೆ ಮತ್ತೆ ಫೋನ್ ಮಾಡಿ.