ಎಣ್ಣೆ ಡಬ್ಬದ ಎರಡನೇ ತೂತು: ರೇಸ್ ಕಾರಿನ ಟ್ಯಾಂಕಿಗೆ ವೆಂಟ್ ಕೂರಿಸುವುದು ಹೇಗೆ?

ಹದಿನೈದು ಕೆಜಿಯ ಶೇಂಗಾ ಎಣ್ಣೆ ಡಬ್ಬ ನೆನಪಿದೆಯಾ? ಮೊಳೆ ಇಟ್ಟು ಒಂದೇ ತೂತು ಹೊಡೆದರೆ ಎಣ್ಣೆ ಗುಳುಕ್ ಗುಳುಕ್ ಅಂತ ಬಿದ್ದು, ಆಮೇಲೆ ತಡೆದು ತಡೆದು ಬರುತ್ತದೆ. ಅದಕ್ಕೇ ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆಯುತ್ತಿದ್ದರು. ಅದು ಎಣ್ಣೆಗಲ್ಲ, ಗಾಳಿಗೆ. ಪೆಟ್ರೋಲ್ ಟ್ಯಾಂಕಿನ ವೆಂಟ್ ಅಂದರೂ ಇದೇ ಎರಡನೇ ತೂತು. ಕಷ್ಟ ಇರುವುದು ಇನ್ನೊಂದರಲ್ಲಿ. ಎಣ್ಣೆ ಡಬ್ಬ ಗಂಟೆಗೆ 150 ಕಿ.ಮೀ. ವೇಗದಲ್ಲಿ ತಿರುವು ತೆಗೆದುಕೊಳ್ಳುವುದಿಲ್ಲ, ಮಗುಚಿ ಬೀಳುವುದಿಲ್ಲ, ಪಕ್ಕದಲ್ಲಿ ಕಾದ ಸೈಲೆನ್ಸರ್ ಇರುವುದಿಲ್ಲ. ಇಲ್ಲಿ ಗಾಳಿ ಒಳಗೆ ಬರಬೇಕು, ಪೆಟ್ರೋಲ್ ಹೊರಗೆ ಹೋಗಬಾರದು.

ಇಷ್ಟು ಗೊತ್ತಿದ್ದೂ ನಾವು ಎಡವಿದೆವು. ಪುಣೆಯ ಭೋಸರಿಯಲ್ಲಿ ಗೆಳೆಯನ ಒಂದು ಶೆಡ್ ಇದೆ. ಅಲ್ಲಿ ಹಳೆಯ ಸೆಡಾನ್ ಒಂದನ್ನು ಪೂರ್ತಿ ಬಿಚ್ಚಿ, ಟ್ರ್ಯಾಕ್‌ಗೆಂದೇ ಕಟ್ಟುತ್ತಿದ್ದೆವು. ಕಂಪನಿ ಟ್ಯಾಂಕ್ ತೆಗೆದು, 40 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಮಾಡಿಸಿ ಡಿಕ್ಕಿಯಲ್ಲಿ ಕೂರಿಸಿದೆವು. ವೆಂಟಿಗೆ ಒಂದು ಪೈಪ್ ಹಾಕಿ, ಸ್ಟೆಪ್ನಿ ಗುಂಡಿಯ ಹಿಂದೆ ಸುಮ್ನೆ ತೂರಿಸಿ ಬಿಟ್ಟೆವು. ಟ್ರ್ಯಾಕ್‌ನಲ್ಲಿ ನಾಲ್ಕೇ ಸುತ್ತು. ಇಂಜಿನ್ ಕೆಮ್ಮಲು ಶುರು. ಪಂಪ್ ಹೋಯ್ತು ಅಂದುಕೊಂಡು ನಾನಾ ಪೇಠ್‌ನಿಂದ ಹೊಸ ಪಂಪ್ ತಂದು ಹಾಕಿದೆವು. ಮತ್ತೆ ಅದೇ ಕೆಮ್ಮು. ಕೊನೆಗೆ ಮುಚ್ಚಳ ತಿರುಗಿಸಿದರೆ ಸ್ಸ್‌ ಅಂತ ಗಾಳಿ ಒಳಕ್ಕೆ ನುಗ್ಗಿತು. ಟ್ಯಾಂಕಿನ ಪಕ್ಕದ ತಗಡು ಒಳಕ್ಕೆ ಕುಸಿದಿತ್ತು, ಕಾಲಿಟ್ಟು ತುಳಿದ ಹಾಗೆ.

ನಮಗೆ ಆರ್ಗನ್ ವೆಲ್ಡಿಂಗ್ ಮಾಡಿಕೊಡುವ ಕಾಕಾ ವಿಜಯಪುರ ಕಡೆಯವರು. ಟ್ಯಾಂಕ್ ನೋಡಿದವರೇ, "ಪಂಪಿಗೆ ಯಾಕ ಬೈತೀರಿ? ಅದಕ್ಕ ಉಸಿರಾಡಾಕ ಬಿಟ್ಟೀರೇನು?" ಅಂದರು.

ಪೈಪ್ ಒಂದು ಕಡೆ ಜೋತು ಬಿದ್ದಿತ್ತು. ತಿರುವಿನಲ್ಲಿ ಅದರೊಳಗೆ ಹೋದ ಪೆಟ್ರೋಲ್ ಆ ತಗ್ಗಿನಲ್ಲಿ ನಿಂತು ಬಿರಡೆ ಹಾಕಿದ ಹಾಗೆ ಆಗಿತ್ತು. ಪೈಪ್ ಮುಂದೆ ಎಲ್ಲೋ ಮಡಚಿಕೊಂಡೂ ಇತ್ತು. ತಗಡು ಕುಸಿದದ್ದು ಹೇಗೆ ಅಂದರೆ, ಹೊರಗಿನ ಒತ್ತಡಕ್ಕಿಂತ ಒಳಗೆ ಬರೀ 0.1 ಬಾರ್ ಕಡಿಮೆಯಾದರೂ 50 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರದ ತಗಡಿನ ಮೇಲೆ ಸುಮಾರು 150 ಕೆಜಿ ಭಾರ ಬೀಳುತ್ತದೆ. ಇಬ್ಬರು ದೊಡ್ಡವರು ಹತ್ತಿ ನಿಂತ ಹಾಗೆ.

ಮುಂದೆ ಹೋಗುವ ಮೊದಲು ಒಂದು ಮಾತು. ಇದು ಟ್ರೈಲರ್ ಮೇಲೆ ಟ್ರ್ಯಾಕ್‌ಗೆ ಹೋಗುವ ಕಾರಿನ ಕೆಲಸ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಿ ರಸ್ತೆಗೆ ಇಳಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ದಿನಾ ಆಫೀಸಿಗೆ ಓಡಿಸುವ ಕಾರಿನಲ್ಲಿ ಈ ಪ್ರಯೋಗ ಬೇಡ.

ತೂತು ಎಲ್ಲಿ?

ಟ್ಯಾಂಕಿನ ಮೇಲ್ಭಾಗದಲ್ಲಿ, ನಟ್ಟನಡುವೆ. ಮೂಲೆಯಲ್ಲಿ ಜಾಗ ಸಿಕ್ಕಿತು ಅಂತ ಅಲ್ಲಿ ಹೊಡೆಯಬೇಡಿ. 1 ಜಿ ಬಲದ, ಅಂದರೆ ಗುರುತ್ವದಷ್ಟೇ ಬಲ ಪಕ್ಕಕ್ಕೆ ಎಳೆಯುವ ತಿರುವಿನಲ್ಲಿ ಪೆಟ್ರೋಲಿನ ಮೇಲ್ಮೈ 45 ಡಿಗ್ರಿ ವಾಲುತ್ತದೆ. 50 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಟ್ಯಾಂಕ್ ಅರ್ಧವಷ್ಟೇ ತುಂಬಿದ್ದರೂ ಹೊರ ಅಂಚಿನ 10 ಸೆಂ.ಮೀ. ಜಾಗ ಚಾವಣಿಯವರೆಗೆ ಮುಳುಗಿಬಿಡುತ್ತದೆ. ಬ್ರೇಕ್ ಹಾಕಿದಾಗ ಮುಂದಿನ ಅಂಚಿಗೆ, ಎಕ್ಸಲರೇಟರ್ ಒತ್ತಿದಾಗ ಹಿಂದಿನ ಅಂಚಿಗೆ ಇದೇ ಗತಿ. ನಡುವಿನ ಜಾಗ ಮಾತ್ರ ಎಲ್ಲದಕ್ಕಿಂತ ಕಡಿಮೆ ಒದ್ದೆಯಾಗುತ್ತದೆ. ಒಳಗೆ ಅಡ್ಡ ತಗಡು ಅಥವಾ ಟ್ಯಾಂಕಿಗೆಂದೇ ಬರುವ ಫೋಮ್ ಇದ್ದರೆ ಕುಲುಕಾಟ ಇನ್ನೂ ತಗ್ಗುತ್ತದೆ.

"ಮುಚ್ಚಳಕ್ಕೇ ಒಂದು ಡ್ರಿಲ್ ಹೊಡೆದರೆ ಆಯ್ತಲ್ಲ" ಅನ್ನುವವರು ಪ್ರತಿ ಗ್ಯಾರೇಜಿನಲ್ಲೂ ಒಬ್ಬರು ಇರುತ್ತಾರೆ. ಕಾರು ಮಗುಚಿದರೆ ಅದೇ ತೂತಿನಿಂದ ಪೆಟ್ರೋಲ್ ಸುರಿಯುತ್ತದೆ. ಮುಚ್ಚಳ ಗಾಳಿಯಾಡದ್ದೇ ಇರಲಿ.

ಎಷ್ಟು ದಪ್ಪ?

ಓಡುವಾಗ ಬೇಕಾಗುವ ಗಾಳಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 300 ಅಶ್ವಶಕ್ತಿಯ ಇಂಜಿನ್ ಪೂರ್ತಿ ದಮ್ಮು ಕಟ್ಟಿ ಓಡಿದರೂ ಗಂಟೆಗೆ ಸುಮಾರು 90 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಪಂಪ್ ಅದಕ್ಕಿಂತ ಜಾಸ್ತಿ ಎಳೆದರೂ ಮಿಕ್ಕಿದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತದಲ್ಲ, ಅದು ಲೆಕ್ಕಕ್ಕಿಲ್ಲ. ಇಷ್ಟಕ್ಕೆ ಎಎನ್-6 ಪೈಪ್ (ಎಎನ್ ಅಂದರೆ ರೇಸಿಂಗ್ ಪೈಪುಗಳ ಅಳತೆ, 6 ಅಂದರೆ ಸುಮಾರು 3/8 ಇಂಚು) ಧಾರಾಳ. ಪೆಟ್ರೋಲ್ ತುಂಬುವಾಗ ಮಾತ್ರ ಲೆಕ್ಕ ಬೇರೆ. ಕ್ಯಾನಿನಿಂದ ನಿಮಿಷಕ್ಕೆ 20 ಲೀಟರ್ ಸುರಿದರೆ ಅಷ್ಟೇ ಗಾಳಿ ಹೊರಗೆ ಹೋಗಬೇಕು. ಅಗಲ ಬಾಯಿಯ ಮುಚ್ಚಳ ಟ್ಯಾಂಕಿನ ಮೇಲೇ ಇದ್ದರೆ ಗಾಳಿ ಅಲ್ಲಿಂದಲೇ ಹೊರಟುಹೋಗುತ್ತದೆ. ಉದ್ದನೆಯ ಸಣ್ಣ ಕತ್ತಿನ ಫಿಲ್ಲರ್ ಇದ್ದರೆ ಪೆಟ್ರೋಲ್ ಉಗುಳಿ ಮುಖಕ್ಕೆ ಬರುತ್ತದೆ. ಅಂಥದಕ್ಕೆ ವೆಂಟ್ ಎಎನ್-8 (ಸುಮಾರು ಅರ್ಧ ಇಂಚು) ಇರಲಿ, ಇಲ್ಲವೇ ಫಿಲ್ಲರ್ ಕತ್ತಿಗೇ ಇನ್ನೊಂದು ಗಾಳಿ ಪೈಪ್ ಕೊಡಿ.

ಕಂಠಮಟ್ಟ ತುಂಬಬೇಡಿ. ಬೆಳಗ್ಗೆ 25 ಡಿಗ್ರಿಯಲ್ಲಿ ತುಂಬಿದ 40 ಲೀಟರ್ ಪೆಟ್ರೋಲ್ ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಎರಡು ಲೀಟರ್ ಜಾಗ ಖಾಲಿ ಬಿಡಿ.

ವೆಲ್ಡಿಂಗ್

ಪೈಪ್ ಕೂರುವ ಬಂಗ್ (ತಿರುಪು ಇರುವ ದಪ್ಪ ಲೋಹದ ಬಳೆ) ಅನ್ನು ಟ್ಯಾಂಕ್ ಹೊಸದಿದ್ದಾಗಲೇ, ಒಂದು ಹನಿ ಪೆಟ್ರೋಲ್ ಬೀಳುವ ಮೊದಲೇ ವೆಲ್ಡ್ ಮಾಡಿಸಿ. ಒಮ್ಮೆ ಪೆಟ್ರೋಲ್ ಕಂಡ ಟ್ಯಾಂಕಿಗೆ ಟಾರ್ಚ್ ಹಿಡಿಯುವುದಿಲ್ಲ ಅಂತ ನಮ್ಮ ಕಾಕಾ ಖಡಾಖಂಡಿತ ಹೇಳುತ್ತಾರೆ, ದುಡ್ಡು ಎಷ್ಟೇ ಕೊಡಿ. ತೊಳೆದಿದ್ದೇವೆ ಅಂದರೂ ಕೇಳುವುದಿಲ್ಲ. ಅವರು ಸರಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಏಕೆಂದರೆ ಅದರ ತುಂಬ ಇರುವುದು ಗಾಳಿ ಬೆರೆತ ಆವಿ. ಗಾಳಿಯಲ್ಲಿ ಶೇ. 1.4ರಷ್ಟು ಪೆಟ್ರೋಲ್ ಆವಿ ಇದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಳೆಯ ಟ್ಯಾಂಕ್ ಆದರೆ ನಟ್ ಬಿಗಿದು ಕೂರಿಸುವ ಬಲ್ಕ್‌ಹೆಡ್ ಫಿಟ್ಟಿಂಗ್ ಇರುವ ಹೊಸ ಮೇಲ್ತಟ್ಟೆ ಮಾಡಿಸಿ, ಬೋಲ್ಟ್ ಹಾಕಿಸಿಕೊಳ್ಳಿ.

ರೋಲ್‌ಓವರ್ ವಾಲ್ವ್

ಬಂಗ್ ಮೇಲೆ ರೋಲ್‌ಓವರ್ ವಾಲ್ವ್ ಬರಬೇಕು. ಒಳಗೊಂದು ಗುಂಡು ಇರುತ್ತದೆ. ನೆಟ್ಟಗಿದ್ದಾಗ ಗಾಳಿಗೆ ದಾರಿ ಬಿಡುತ್ತದೆ. ಮಗುಚಿದರೆ ಉರುಳಿ ಬಂದು ದಾರಿ ಮುಚ್ಚುತ್ತದೆ. ಹೊಸ ವಾಲ್ವ್ ತಂದ ಕೂಡಲೇ ಕೈಯಲ್ಲಿ ಹಿಡಿದು ಟ್ಯಾಂಕಿನ ಕಡೆಯಿಂದ ಬಾಯಿಯಿಂದ ಊದಿ ನೋಡಿ. ನೆಟ್ಟಗಿದ್ದಾಗ ಸಲೀಸಾಗಿ ಹೋಗಬೇಕು, ತಲೆಕೆಳಗೆ ಮಾಡಿದಾಗ ತಡೆಯಬೇಕು. ಪೆಟ್ರೋಲ್ ಮುಟ್ಟಿದ ವಾಲ್ವನ್ನು ಮಾತ್ರ ಬಾಯಿಗೆ ಇಡಬೇಡಿ. ಓರೆಯಾಗಿ ಕೂರಿಸಿದರೆ ಇದು ಕೆಲಸಕ್ಕೆ ಬಾರದು.

ಪೈಪಿನ ದಾರಿ

ಈ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ಕಾಕಾ ಹೇಳಿದ್ದು ಮೂರೇ ಮಾತು: "ಮ್ಯಾಲ ಒಯ್ರಿ, ಆ ಬಾಜು ದಾಟಸ್ರಿ, ಕೆಳಗ ಇಳಸ್ರಿ."

ವಾಲ್ವಿನಿಂದ ಹೊರಟ ಪೈಪ್ ಎಲ್ಲೂ ತಗ್ಗದೆ ಮೇಲೆ ಏರಲಿ. ರೋಲ್‌ಕೇಜ್ (ಮಗುಚಿದಾಗ ಕಾಪಾಡಲು ಕಾರಿನೊಳಗೆ ಕಟ್ಟುವ ಕೊಳವೆಗಳ ಚೌಕಟ್ಟು) ಇದ್ದರೆ ಅದರ ಹಿಂದಿನ ಕೊಳವೆಯ ಗುಂಟ, ಚಾವಣಿಯ ಹತ್ತಿರದವರೆಗೆ ಒಯ್ಯಿರಿ. ಅಲ್ಲಿ ಎಡದಿಂದ ಬಲಕ್ಕೆ, ಕಾರಿನ ಇನ್ನೊಂದು ಬದಿಗೆ ದಾಟಿಸಿ. ಆಮೇಲೆ ಆ ಬದಿಯಲ್ಲಿ ಇಳಿಸಿ, ನೆಲದ ತಗಡು ತೂರಿ ಟ್ಯಾಂಕಿನ ತಳಕ್ಕಿಂತ ಕೆಳಗೆ ಹೊರತನ್ನಿ. ಯಾಕೆ ಇಷ್ಟು ಸುತ್ತು? ಕಾರು ಎಡಕ್ಕೆ ಮಲಗಲಿ, ಬಲಕ್ಕೆ ಮಲಗಲಿ, ಈ ಸುತ್ತಿನ ಒಂದು ಭಾಗ ಪೆಟ್ರೋಲಿನ ಮಟ್ಟಕ್ಕಿಂತ ಮೇಲೇ ಉಳಿಯುತ್ತದೆ. ವಾಲ್ವ್ ಕೈಕೊಟ್ಟರೂ ಪೆಟ್ರೋಲ್ ತಾನಾಗಿ ಏರಿ ಹೊರಬರಲಾರದು. ತಲೆಕೆಳಗಾದರೆ ಮಾತ್ರ ವಾಲ್ವೇ ಗತಿ. ಅದಕ್ಕೇ ಎರಡೂ ಬೇಕು.

ಪೈಪ್ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ಮಿರಿಮಿರಿ ನೀಲಿ ಸಿಲಿಕಾನ್ ಹೋಸ್ ರೇಡಿಯೇಟರ್ ನೀರಿಗೆ ಸರಿ. ಪೆಟ್ರೋಲಿಗೆ ಹಾಕಿದರೆ ಉಬ್ಬುತ್ತದೆ, ಆವಿ ಅದರ ಗೋಡೆಯಿಂದಲೇ ಸೋರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಸ್ವಲ್ಪ ದಿನಕ್ಕೆ ಹಳದಿಯಾಗಿ ಕಡ್ಡಿಯಂತಾಗುತ್ತದೆ. ನಾವು ಮೊದಲು ಹಾಕಿದ್ದು ಅದನ್ನೇ. ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆತ ಇ20 ಪೆಟ್ರೋಲ್, ಅದಕ್ಕೆ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ ಹೋಸ್ ಒಳ್ಳೆಯದು. ತಗಡು ತೂರುವ ಕಡೆ ರಬ್ಬರ್ ಗ್ರಾಮೆಟ್ ಹಾಕಿ. ಸುಮಾರು ಒಂದೊಂದು ಅಡಿಗೆ ಕ್ಲ್ಯಾಂಪ್ ಬಿಗಿದರೆ ಮತ್ತೆ ಜೋತು ಬೀಳುವುದಿಲ್ಲ.

ಹೊರಗಿನ ತುದಿ

ಡಿಕ್ಕಿಯೊಳಗೆ ಬಿಡಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ಸ್ಟೆಪ್ನಿ ಗುಂಡಿಯಲ್ಲಿ ನೀರಿನ ಹಾಗೆ ಕೂರುತ್ತದೆ. ಇಂಥ ಕಾರುಗಳಲ್ಲಿ ಭಾರ ಹಿಂದೆ ಬರಲಿ ಅಂತ ಬ್ಯಾಟರಿಯನ್ನೂ ಡಿಕ್ಕಿಗೇ ತಂದಿರುತ್ತೇವೆ. ಟರ್ಮಿನಲ್ ಬಿಚ್ಚುವಾಗ ಒಂದು ಕಿಡಿ ಸಾಕು.

ತುದಿ ಸೈಲೆನ್ಸರಿನಿಂದ ದೂರ ಇರಲಿ, ಬಾಯಿ ಕೆಳಕ್ಕೆ ಇರಲಿ, ಚಕ್ರದ ಕೆಸರು ಸಿಡಿಯುವ ಕಡೆ ಬೇಡ. ಧೂಳು ಹೋಗದಂತೆ ಸಣ್ಣ ಫಿಲ್ಟರ್ ಹಾಕಿ. ಬೀದಿ ಕಾರುಗಳಲ್ಲಿ ಆವಿ ಹೀಗೆ ಹೊರಗೆ ಹೋಗುವುದಿಲ್ಲ. ಇದ್ದಿಲು ತುಂಬಿದ ಕ್ಯಾನಿಸ್ಟರ್ ಅದನ್ನು ಹಿಡಿದಿಟ್ಟುಕೊಂಡು, ಆಮೇಲೆ ಇಂಜಿನ್ನಿಗೆ ಎಳೆದುಕೊಳ್ಳಲು ಬಿಡುತ್ತದೆ. ಶೆಡ್ ಮನೆಗೆ ಅಂಟಿಕೊಂಡಿದ್ದರೆ ಟ್ರ್ಯಾಕ್ ಕಾರಿಗೂ ಅದನ್ನು ಕೂರಿಸಿ. ಆದರೆ ಒಳಗೆ ಹಸಿ ಪೆಟ್ರೋಲ್ ಹೋದರೆ ಇದ್ದಿಲು ಕೆಟ್ಟಿತು ಅಂತಲೇ ಲೆಕ್ಕ.

ಪರೀಕ್ಷೆ

ಪೆಟ್ರೋಲ್ ಹಾಕುವ ಮೊದಲು ಸೋರಿಕೆ ನೋಡಬೇಕು. ಕಂಪ್ರೆಸರ್ ಹಚ್ಚಬೇಡಿ, ಟ್ಯಾಂಕ್ ಊದಿಕೊಳ್ಳುತ್ತದೆ. ಬಾಕಿ ತೂತುಗಳನ್ನೆಲ್ಲ ಬಿಗಿದು, ಪಾರದರ್ಶಕ ಪೈಪೊಂದನ್ನು ಯು ಆಕಾರದಲ್ಲಿ ಗೋಡೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಟ್ಯಾಂಕಿಗೆ ಕೊಡಿ. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆಯಿರಿ. ಎರಡು ಕಡೆಯ ನೀರಿನ ಮಟ್ಟಕ್ಕೆ 50 ಸೆಂ.ಮೀ. ವ್ಯತ್ಯಾಸ ಬಂದರೆ ಒತ್ತಡ 0.05 ಬಾರ್. ಅಷ್ಟೇ ಸಾಕು. ಹತ್ತು ನಿಮಿಷ ನೀರು ಅಲುಗದಿದ್ದರೆ ಟ್ಯಾಂಕ್ ಗಟ್ಟಿ. ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಬರುತ್ತದೆ ನೋಡಿ.

ಆಮೇಲೆ ಪೆಟ್ರೋಲ್ ಹಾಕಿ, ಓಡಿಸಿ, ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಮುಚ್ಚಳ ತೆರೆದು ಕಿವಿಗೊಡಿ. ಗಾಳಿ ಒಳಕ್ಕೆ ಎಳೆದರೆ ವೆಂಟ್ ಕಟ್ಟಿದೆ. ಹೊರಕ್ಕೆ ಉಸ್ಸ್‌ ಅಂದರೂ ಕಟ್ಟಿದೆ, ಆದರೆ ಕಾರಣ ಬಿಸಿಲು ಅಥವಾ ಎತ್ತರ. ಮುಂಬೈಯಲ್ಲಿ ಬಿಗಿಯಾಗಿ ಮುಚ್ಚಿದ ಪೆಟ್ರೋಲ್ ಕ್ಯಾನನ್ನು ಬೋರ್ ಘಾಟ್ ಹತ್ತಿಸಿ ಪುಣೆಯಲ್ಲಿ ತೆರೆದರೆ ಇದೇ ಉಸ್ಸ್‌ ಕೇಳುತ್ತದೆ. ಸಮುದ್ರಮಟ್ಟದಿಂದ 560 ಮೀಟರ್ ಮೇಲೆ ಬಂದರೆ ಹೊರಗಿನ ಒತ್ತಡ ಶೇ. 6ರಷ್ಟು ಇಳಿದಿರುತ್ತದೆ. ಸರಿಯಾದ ವೆಂಟ್ ಇರುವ ಟ್ಯಾಂಕ್ ಏನೂ ಅನ್ನುವುದಿಲ್ಲ.

ಮಳೆಗಾಲದಲ್ಲಿ ಕಾರು ಸುಮ್ಮನೆ ನಿಂತಿರುತ್ತದಲ್ವಾ, ಆಗ ಟ್ಯಾಂಕನ್ನು ಅರ್ಧಂಬರ್ಧ ಇ20 ಹಾಕಿ ಬಿಡಬೇಡಿ. ವೆಂಟ್ ತೇವದ ಗಾಳಿ ಎಳೆಯುತ್ತದೆ, ಎಥನಾಲ್ ಆ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು, ಪಂಪ್ ಎಳೆಯುವ ತಳದಲ್ಲೇ ಕೂರುತ್ತವೆ. ನಾವು ಪೂರ್ತಿ ಖಾಲಿ ಮಾಡಿ ನಿಲ್ಲಿಸುತ್ತೇವೆ. ಅಕ್ಟೋಬರ್‌ನಲ್ಲಿ ಕವರ್ ತೆಗೆದ ಕೂಡಲೇ ಕಾರಿನಡಿ ತೂರಿ ವೆಂಟಿನ ತುದಿ ನೋಡುವುದು ಮೊದಲ ಕೆಲಸ. ಹೋದ ಸಲ ಫಿಲ್ಟರ್ ತೊಳೆಯಲು ಬಿಚ್ಚಿ, ಮತ್ತೆ ಹಾಕುವುದನ್ನೇ ಮರೆತಿದ್ದೆವು. ಮಣ್ಣಿನ ಗೂಡು ಕಟ್ಟುವ ಕಣಜವೊಂದು ಪೈಪಿನ ಬಾಯಿಗೆ ಅಚ್ಚುಕಟ್ಟಾಗಿ ಗಿಲಾವು ಮಾಡಿಟ್ಟಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ತೆಗೆಯುವಷ್ಟರಲ್ಲಿ ಕಾಕಾ ಬಗ್ಗಿ ನೋಡಿ, "ವೆಲ್ಡಿಂಗ್ ನಮಗಿಂತ ಚೊಲೋ ಮಾಡೇದ ನೋಡ್ರಿ" ಅಂದರು.